ಮಿಸ್ಸಿಂಗ್ ಅಂದ್ರೆ ಎಂತ?

ಮೊನ್ನೆ ದಾದರ್ ಸ್ಟೇಷನ್ನಿನ ಹೊರಗೆ ಹೂವಿನವಳ ಬುಟ್ಟಿಯಲ್ಲಿ ಅಬ್ಬಲಿಗೆಯ ಮಾಲೆ ಕಂಡಿತು. ಇಲ್ಲಿಯವರು ಅಬೋಲಿ ಅನ್ನುತ್ತಾರೆ. ಕೊಳ್ಳಲು ನಿಂತವಳು ಸುಮ್ಮನೆ ನೋಡುತ್ತಲೇ ನಿಂತೆ. ಪರೇಲಿನ ಚಾಳಿನ ಸಾಲುಕೋಣೆಗಳಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಅಕ್ಕ ದಿನಾ ಇದನ್ನೇ ಮುಡಿಯುತ್ತಿದ್ದರು...

ಅವರು ಉಡುಪಿ ಕಡೆಯವರು. ಮಕ್ಕಳಿರಲಿಲ್ಲ. ಗಂಡ ದಾದರಿನ ಹೋಟೆಲೊಂದರಲ್ಲಿ ಅಡುಗೆ ಭಟ್ಟರು. ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟ ಭಟ್ಟರು ಹೋಟೆಲಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ. ಆಸ್ಪತ್ರೆಗಳಲ್ಲೆಲ್ಲ ಹುಡುಕಿಯಾದ ಮೇಲೆ ಅಕ್ಕ, ಆಗ ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ಜೊತೆಗೆ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಹವಾಲ್ದಾರ ಮರಾಠಿಯಲ್ಲಿ ಎಲ್ಲ ವಿಚಾರಿಸಿ ಕೊನೆಗೆ, "ಮಿಸ್ಸಿಂಗ್" ಅಂದ.

ಹೊರಗೆ ಬಂದವರೇ ಅಕ್ಕ ಕೇಳಿದರು, "ಮಿಸ್ಸಿಂಗ್ ಅಂದ್ರೆ ಎಂತ ಮಾರಾಯ್ತಿ?"

"ಕಾಣ್ತಾ ಇಲ್ಲ ಅಂತ ಅಕ್ಕಾ."

"ಸತ್ತಿದ್ದಾರೆ ಅಂತ ಅಲ್ಲ ಅಲ್ವಾ?"

"ಅಲ್ಲ."

ಅಷ್ಟನ್ನೇ ಅವರು ಗಟ್ಟಿಯಾಗಿ ಹಿಡಿದುಕೊಂಡರು. ವರ್ಷಗಳು ಕಳೆದ ಮೇಲೆ ಊರಿನಿಂದ ಮೈದುನ ಬಂದು, ಅಣ್ಣನ ಕರ್ಮ ಮಾಡಿ ಮುಗಿಸೋಣ, ಇನ್ನು ಕುಂಕುಮ ಇಡಬೇಡಿ ಎಂದಾಗ ಅಕ್ಕ ಸ್ವರ ಏರಿಸದೆ, "ಅವರು ಮಿಸ್ಸಿಂಗ್, ಅಷ್ಟೆ" ಅಂದರು. ಮೈದುನ ಮತ್ತೆ ಬರಲಿಲ್ಲ.

ನಾನು ಮದುವೆಯಾಗಿ ವಿಕ್ರೋಳಿಗೆ ಬಂದೆ. ಒಮ್ಮೆ ಫೋನಿನಲ್ಲಿ, "ನಿಮ್ಮನ್ನು ತುಂಬಾ ಮಿಸ್ ಮಾಡ್ತೇನೆ ಅಕ್ಕಾ" ಅಂದೆ.

"ನಾನು ಇಲ್ಲೇ ಇದ್ದೇನಲ್ಲ, ಎಲ್ಲಿ ಮಿಸ್ ಆದದ್ದು?"

ಅದು ಹಾಗಲ್ಲ, ದೂರ ಇರುವವರ ನೆನಪಾಗಿ, ಹತ್ತಿರ ಇಲ್ಲವಲ್ಲ ಅಂತ ಸಂಕಟವಾದರೆ ಹಾಗನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. ಅಕ್ಕ ಮೆಲ್ಲನೆ ಕೇಳಿದರು, "ಅವರಿಗೂ ಹಾಗೆ ಆಗ್ತಿರಬಹುದಾ?"

"ಆಗ್ತಿರಬಹುದು ಅಕ್ಕಾ."

ಕಳೆದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ನಾನು ತಲುಪುವಾಗ ಚಾಳಿನ ಹೆಂಗಸರು ಅವರನ್ನು ಮೀಯಿಸಿ, ಸೀರೆ ಉಡಿಸಿ, ಕುಂಕುಮ ಇಡುವುದೋ ಬೇಡವೋ ತಿಳಿಯದೆ ಕೂತಿದ್ದರು. ನಾನೇ ಇಟ್ಟೆ, ಅಗಲವಾಗಿ.

ದೀಪಾವಳಿ ಕಳೆಯುತ್ತಲೇ ಚಾಳನ್ನೂ ಕೆಡವಿದರು. ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಈಗ ಸುತ್ತಲೂ ತಗಡು ಬಡಿದಿದ್ದಾರೆ, ಒಬ್ಬ ವಾಚ್‌ಮನ್ ಇದ್ದಾನೆ. ಭಟ್ಟರು ಎಲ್ಲಾದರೂ ಬದುಕಿದ್ದು, ಒಂದು ದಿನ ಹುಡುಕಿಕೊಂಡು ಬಂದರೆ ಅವನನ್ನೇ ಕೇಳಬೇಕು. ಅವನಿಗೆ ಅಕ್ಕ ಗೊತ್ತಿಲ್ಲ.