ಭಾವ ಕೂತು ಬಂದ ಸೀಟು

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಒಂದು ದಿನ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬರ್ಮಾದಿಂದ ಹೊಳೆನರಸೀಪುರದ ನಮ್ಮ ಮನೆಗೆ ಬಂದಿಳಿದರು. ಅವರು ಅರಕಲಗೂಡಿನವರು. ಬರ್ಮಾದಲ್ಲಿ ಮರದ ವ್ಯಾಪಾರಿಯೊಬ್ಬನ ಹತ್ತಿರ ಗುಮಾಸ್ತೆಯಾಗಿದ್ದರು; ಅಕ್ಕ ನಮ್ಮಲ್ಲೇ ಇದ್ದಳು. ಅಲ್ಲಿಂದ ಜನ ಕಾಡು ಬೆಟ್ಟ ದಾಟಿ, ದಾರಿಯಲ್ಲೇ ಸಾಯುತ್ತ, ನಡೆದು ಬರುತ್ತಿದ್ದಾರೆಂದು ಕೇಳಿದ್ದೆವು. ಭಾವನ ಕಾಲಿನಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ.

"ಇಮಾನದಲ್ಲಿ ಬಂದೆ," ಎಂದರು. ಬರ್ಮಾದ ಉತ್ತರದ ತುದಿಯ ಮಿಚಿನಾದಲ್ಲಿ ಹತ್ತಿದ್ದು, ಅಸ್ಸಾಮಿನ ಟೀ ತೋಟಗಳ ನಡುವೆ ಇಳಿದದ್ದು. ನಡುವೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು, ಅಷ್ಟೇ.

ಅಣ್ಣ ನಂಬಲಿಲ್ಲ. "ಇಲ್ಲಿಂದ ಆಸನಕ್ಕೆ ಓಗೋ ಇದ್ದಿಲಲ್ಲಿ ಓಡೋ ಬಸ್ಸೇ ಅದುಕ್ಕಿಂತ ಜಾಸ್ತಿ ಒತ್ತು ತಕತದೆ," ಎಂದ. ಸ್ಕೂಲಿನಿಂದ ಅಟ್ಲಾಸು ತಂದು ಆ ಎರಡು ಊರುಗಳ ನಡುವೆ ದಾರ ಎಳೆದ. ಹಾಸನಕ್ಕೆ ಹೋಗುವ ದೂರದ ಹತ್ತರಷ್ಟು ಬಂತು. ವಿಮಾನದ ವೇಗವನ್ನೂ ಅದರಲ್ಲಿ ಯಾರನ್ನು ಹತ್ತಿಸುತ್ತಿದ್ದರೆಂಬುದನ್ನೂ ಯಾರನ್ನೋ ಕೇಳಿಕೊಂಡು ಬಂದು ಲೆಕ್ಕ ಹಾಕಿದ. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದ: "ದೂರ ಸರಿಯಾಗೈತೆ, ಒತ್ತೂ ಸರಿಯಾಗೈತೆ. ಸೀಟೇ ಸರಿಯಾಗಿಲ್ಲ ಕಣವ್ವ. ಎಂಗಸರು, ಮಕ್ಕಳು, ಕಾಯ್ಲೆಯೋರು ಅತ್ತೋ ಇಮಾನಕ್ಕೆ ಇವ್ರನ್ನ ಯಾರು ಅತ್ತಿಸಿದ್ರು?"

ಅಕ್ಕನ ಅನುಮಾನ ಬೇರೆಯೇ ಇತ್ತು. ಭಾವನ ಕೋಟು ಒಗೆಯುವಾಗ ಜೇಬಿನಲ್ಲಿ ಕೂಸಿನ ಒಂಟಿ ಕಾಲ್ಗೆಜ್ಜೆ ಸಿಕ್ಕಿತ್ತು. ಅವಳಿಗೆ ಆಗಿನ್ನೂ ಮಕ್ಕಳಿರಲಿಲ್ಲ. ಎರಡು ದಿನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದು, ಮೂರನೆಯ ದಿನ ಊಟಕ್ಕೆ ಬಡಿಸುತ್ತ ಕೇಳಿದಳು: "ಯಾರ ಮಗೀಂದು ಇದು?"

ಭಾವ ತಟ್ಟೆಯಿಂದ ಕೈ ತೆಗೆದರು. ಚನ್ನರಾಯಪಟ್ಟಣದ ಕಡೆಯ ಗಂಡ ಹೆಂಡಿರು ಅಲ್ಲಿ ಜೊತೆಗಿದ್ದರಂತೆ. ಹೆಂಡತಿಗೆ ಜ್ವರ, ಕೂಸನ್ನು ಹಿಡಿಯುವ ಶಕ್ತಿಯಿಲ್ಲ. ಗಂಡ ನೀರು ತರಲು ಹೋಗಿದ್ದಾಗ ವಿಮಾನಕ್ಕೆ ಕೂಗಿದರು. ಕೂಸನ್ನು ಎತ್ತಿಕೊಂಡು ಹತ್ತಲು ಇವಳ ಗಂಡ ಯಾರು ಎಂದು ಅಧಿಕಾರಿ ಕೇಳಿದ. "ನಾನೇ ಅಂದೆ. ಮಗ ಎತ್ಕೊಂಡು ಅತ್ತಿದೆ," ಎಂದರು ಭಾವ. ಇಳಿಯುವಾಗ ಗೆಜ್ಜೆ ಕೋಟಿಗೆ ಸಿಕ್ಕಿ ಕಳಚಿತ್ತಂತೆ, ಆಮೇಲೆ ಕಂಡು ಜೇಬಿಗೆ ಹಾಕಿಕೊಂಡರಂತೆ.

ಅಕ್ಕ ಅದನ್ನೂ ನಂಬಲಿಲ್ಲ. ಮಳೆಗಾಲ ಕಳೆದ ಮೇಲೆ ವಿಚಾರಿಸಿಕೊಂಡು, ನನ್ನನ್ನೂ ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋದಳು. ಆ ಮನೆ ಇತ್ತು. ಆ ಹೆಂಗಸೂ ಕೂಸೂ ಇದ್ದರು. ಗೆಜ್ಜೆ ನೋಡಿ ಆಕೆ ಅತ್ತಳು. "ನಿಮ್ಮ ಯಜಮಾನ್ರು ಇಲ್ದಿದ್ರೆ ನಾವಿಬ್ರೂ ಅಲ್ಲೇ ಓಗ್ಬುಡ್ತಿದ್ವಿ. ಇಳಿಯೋಗಂಟ ಮಗ ಕೆಳೀಕೆ ಬುಡ್ನಿಲ್ಲ," ಎಂದಳು. ಅಕ್ಕನ ಮುಖ ಸಡಿಲವಾಯಿತು.

ಆಕೆಯ ಗಂಡ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಅವನು ನಡೆದೇ ಬಂದವನು. ಒಂದು ಪಾದ ಊರಲು ಆಗುತ್ತಿರಲಿಲ್ಲ. ನಾವು ಹೊರಡುವಾಗ, ಕೋಪವೇನೂ ಇಲ್ಲದೆ, ಅಕ್ಕನನ್ನು ಕೇಳಿದ: "ನಾನು ಕಾಣೋ ಅಷ್ಟು ದೂರದಲ್ಲೇ ಇದ್ದೆ ಕಣವ್ವ. ಒಂದು ಸಲ ಕೂಗಿದ್ರೆ ಕೇಳ್ಸೋದು. ನಿಮ್ಮ ಯಜಮಾನ್ರು ಯಾಕೆ ಕೂಗ್ನಿಲ್ಲ ಅಂತ ಯೋಳಿದ್ರಾ?"

ಅಕ್ಕ ಸೆರಗು ಹೊದ್ದು ಬೀದಿಗೆ ಇಳಿದಳು. ಮನೆಯಲ್ಲಿ ಅಣ್ಣ ಕೇಳಿದಾಗ, "ಮಗ ಎತ್ಕೊಂಡು ಬಂದಿದ್ದು ನಿಜವಂತೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ಭಾವ ಅರಕಲಗೂಡಿನಲ್ಲಿ ಅಂಗಡಿ ಇಟ್ಟರು. ಸಂಸಾರ ಸಾಗಿತು, ಮಕ್ಕಳೂ ಆದವು. ಬಂದವರು ವಿಮಾನದ ಸುದ್ದಿ ಎತ್ತಿದರೆ ಭಾವ ಮೋಡದ ಬಗ್ಗೆ, ಕಿವಿ ಗುಂಯ್ ಎಂದದ್ದರ ಬಗ್ಗೆ ಖುಷಿಯಿಂದ ಹೇಳುತ್ತಿದ್ದರು. ಅಕ್ಕ ಬಾಗಿಲ ಹತ್ತಿರ ನಿಂತು, ನೀರು ತರಲು ಹೋದವನ ಮಾತು ಬಾಯಿಗೆ ಬರುತ್ತದೆಯೇ ಎಂದು ಅವರ ಮುಖವನ್ನೇ ನೋಡುತ್ತಿದ್ದಳು.