ಅಬುಧಾಬಿಯ ಪೆಂಗ್ವಿನ್‌ಗಳು

ಕನ್ನಡಕ ತೆಗೆದರೆ ನನಗೆ ಜಗತ್ತು ಒಂದಿಷ್ಟು ಹೆಚ್ಚೇ ಸುಂದರವಾಗಿ ಕಾಣುತ್ತದೆ. ಎದುರು ಬಂದವರೆಲ್ಲ ನಗುತ್ತಿರುವಂತೆ ತೋರುತ್ತಾರೆ. ದೋಣಿ ಹತ್ತುವಾಗ, ಎಲ್ಲಿ ನೀರಿಗೆ ಬಿದ್ದೀತೋ ಎಂದು ಕನ್ನಡಕವನ್ನು ಜೇಬಿಗೆ ಸೇರಿಸುವುದು ನನ್ನ ಅಭ್ಯಾಸ. ಎರಡು ಸಾವಿರದ ಆಸುಪಾಸಿನ ಒಂದು ಚಳಿಗಾಲದಲ್ಲಿ, ಅಬುಧಾಬಿಯ ಕಡಲಲ್ಲಿ, ನಾನು ಪೆಂಗ್ವಿನ್‌ಗಳನ್ನು ಕಂಡದ್ದು ಹಾಗೆ.

ಆಗ ನಾವು ದುಬೈಯ ಮುರಕ್ಕಬಾತ್ ಬಡಾವಣೆಯಲ್ಲಿದ್ದೆವು. ನನ್ನ ಸಹೋದ್ಯೋಗಿ, ಉಳ್ಳಾಲದ ಇಬ್ರಾಹಿಂ, ಮೀನು ಹಿಡಿಯಲು ನನ್ನನ್ನು ಅಬುಧಾಬಿಗೆ ಕರೆದುಕೊಂಡು ಹೋಗಿದ್ದರು. ದೂರದ ಮರಳುದಿಬ್ಬವೊಂದರ ಮೇಲೆ ಕಪ್ಪು ಕೋಟಿನ ಸಾವಿರಾರು ಗುಮಾಸ್ತರು ನೆಟ್ಟಗೆ ನಿಂತಂತೆ ಹಕ್ಕಿಗಳು. ಇಬ್ರಾಹಿಂ ಗಾಳದಲ್ಲಿ ಮುಳುಗಿದ್ದರು. ಅವು ಪೆಂಗ್ವಿನ್‌ಗಳೇ ಎಂದು ನಾನು ಯಾರನ್ನೂ ಕೇಳದೆ ತೀರ್ಮಾನ ಮಾಡಿದೆ. ಮನೆಗೆ ಬಂದು ಮೂರನೇ ಕ್ಲಾಸಿನ ಮಗಳು ನಿಧಿಗೆ ಹೇಳಿದೆ. ಅವಳು ಕ್ಲಾಸಿನಲ್ಲಿ ಹೇಳಿದಳು. ಟೀಚರು, ಈ ದೇಶದಲ್ಲಿ ಪೆಂಗ್ವಿನ್ ಎಲ್ಲಿಂದ ಬರಬೇಕು, ಸುಳ್ಳು ಹೇಳಬಾರದು ಎಂದರಂತೆ. ಮಕ್ಕಳು ನಕ್ಕರಂತೆ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ತಪ್ಪಾಯ್ತು ಅಂದ್ರೆ ಮುಗೀತಲ್ರೀ," ಎಂದಳು ಹೆಂಡತಿ ಸುಧಾ.

ತಪ್ಪು ಯಾರದು? ನಾನು ಪುಸ್ತಕ ತೆಗೆದೆ. ಪೆಂಗ್ವಿನ್ ಎಂದರೆ ಮಂಜುಗಡ್ಡೆ ಎಂದು ನಾವು ತಿಳಿದಿರುವುದೇ ಅರ್ಧ ಸತ್ಯ. ಆಫ್ರಿಕದ ದಕ್ಷಿಣ ತುದಿಯಲ್ಲಿ ಅವು ಬಿಸಿಲಿಗೆ ಕಾದ ಮರಳಿನಲ್ಲಿ ಸಂಸಾರ ಹೂಡುತ್ತವೆ; ಒಂದು ಜಾತಿಯಂತೂ ಭೂಮಧ್ಯರೇಖೆಯವರೆಗೂ ಬಂದು ಕುಳಿತಿದೆ. ಅಲ್ಲಿಯವರೆಗೆ ಬಂದದ್ದು ಇನ್ನೊಂದಿಷ್ಟು ಈಜಿದರೆ ಅಬುಧಾಬಿ. ಅವು ಆ ರೇಖೆಯನ್ನು ದಾಟಿ ಹೆಚ್ಚು ಉತ್ತರಕ್ಕೆ ನೆಲೆಸುವುದಿಲ್ಲ ಎಂಬ ಮುಂದಿನ ಸಾಲನ್ನು ನಾನು ಬೇಗ ಬೇಗ ಓದಿದೆ. ಮಗಳಿಗೆ ಕಣ್ಣಾರೆ ತೋರಿಸಿ, ಫೋಟೋ ತೆಗೆದು, ಆ ಟೀಚರ ಮೇಜಿನ ಮೇಲೆ ಇಡುವುದೆಂದು ನಿಶ್ಚಯಿಸಿದೆ. ಹಟ ನನ್ನ ವಂಶದ ಆಸ್ತಿ. ಬೇರೆ ಆಸ್ತಿ ಇಲ್ಲದ್ದರಿಂದ ಅದನ್ನು ಜೋಪಾನ ಮಾಡಿಕೊಂಡು ಬಂದಿದ್ದೇವೆ.

ಮುಂದಿನ ಶುಕ್ರವಾರ ಬೆಳಗ್ಗೆ ಇಬ್ರಾಹಿಂರನ್ನು ಕಾಡಿ ಬೇಡಿ, ಮಗಳೊಡನೆ ಮತ್ತೆ ದೋಣಿ ಹತ್ತಿದೆ. ಏಕೆಂದು ಅವರು ಕೇಳಲಿಲ್ಲ. ಮೀನಿನ ಹುಚ್ಚು ಹಿಡಿಯಿತೆಂದುಕೊಂಡಿರಬೇಕು. ದಿಬ್ಬ ಕಂಡಿತು. ಹಕ್ಕಿಗಳೂ ಇದ್ದವು. "ನೋಡು!" ಎಂದೆ. ಅಷ್ಟರಲ್ಲಿ ಅಂಚಿನಲ್ಲಿದ್ದ ಒಂದು ಸಾಲು ರೆಕ್ಕೆ ಬಿಚ್ಚಿ ನಮ್ಮ ತಲೆಯ ಮೇಲೆಯೇ ಹಾರಿಹೋಯಿತು.

"ಅಪ್ಪ, ಪೆಂಗ್ವಿನ್ಸ್ ಡೋಂಟ್ ಫ್ಲೈ," ಎಂದಳು ನಿಧಿ ಮೆಲ್ಲಗೆ.

ಹಾರಿದವು ಬೇರೆ ಇರಬಹುದು, ಹತ್ತಿರ ಹೋಗಿ ನೋಡೋಣ ಎಂದೆ. ಇಬ್ರಾಹಿಂ ಇಂಜಿನ್ ನಿಲ್ಲಿಸಿದರು.

"ಇನ್ನು ಮುಂದೆ ಹೋಗುದು ಬೇಡ ಮಾರಾಯ್ರೆ. ಅವು ಮೊಟ್ಟೆಯ ಮೇಲೆ ಕೂತದ್ದು. ನಾವು ಹತ್ರ ಹೋದ್ರೆ ಹೆದರಿ ಏಳ್ತವೆ. ಅವು ಎದ್ರೆ ಸಾಕು, ಅಲ್ಲಿ ಕಾದು ನಿಂತ ಬಿಳಿ ಹಕ್ಕಿಗಳು ಮೊಟ್ಟೆ ತಿಂದು ಖಲಾಸ್ ಮಾಡ್ತವೆ."

ಐದೇ ನಿಮಿಷ ಎಂದೆ. ಒಂದೇ ಫೋಟೋ ಎಂದೆ. ದನಿಯೂ ಸ್ವಲ್ಪ ಏರಿತು. ಮಗಳು ನನ್ನ ಅಂಗಿಯ ತುದಿ ಹಿಡಿದು, "ಬೇಡ ಅಪ್ಪ, ಅವು ಕೂತಿರ್ಲಿ," ಎಂದಳು.

ನಾನು ಕನ್ನಡಕ ಹಾಕಿಕೊಂಡೆ. ಉದ್ದ ಕುತ್ತಿಗೆ, ತುದಿ ಬಾಗಿದ ಕೊಕ್ಕು. ಒಂದು ತಾಯಿ ರೆಕ್ಕೆಯನ್ನು ಅರ್ಧ ಬಿಚ್ಚಿ ಮರಿಗೆ ನೆರಳು ಹಿಡಿದು ನಿಂತಿತ್ತು. ತಾನು ಮಾತ್ರ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನೀರುಕಾಗೆ! ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ದಿನವೂ ನೋಡಿ ಬೇಸತ್ತಿದ್ದ ಹಕ್ಕಿಯ ದಾಯಾದಿಯನ್ನು ಗುರುತಿಸಲಾರದೆ ಕಡಲಿನ ನಡುವೆ ಜಗಳಕ್ಕೆ ನಿಂತಿದ್ದೆ. ದೋಣಿ ತಿರುಗಿಸಿ ಎಂದೆ.

ಹಟ ಇನ್ನೂ ಉಳಿದಿತ್ತು; ಅದನ್ನು ಬೇರೆ ಕಡೆಗೆ ಹೂಡಬೇಕಾಯಿತು. ಶನಿವಾರ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಶಾಲೆಗೆ ಹೋದೆ. ಮಕ್ಕಳೆಲ್ಲರ ಎದುರಿಗೇ ಹೇಳಬೇಕೆಂದು ಟೀಚರಲ್ಲಿ ಕೇಳಿಕೊಂಡೆ. ತಪ್ಪು ಹೇಳಿದವನು ನಾನು, ನನ್ನ ಮಗಳು ಸುಳ್ಳು ಹೇಳಿರಲಿಲ್ಲ, ನನ್ನನ್ನು ನಂಬಿದ್ದಳು ಅಷ್ಟೆ ಎಂದೆ. ಟೀಚರು, ನಾನೂ ದುಡುಕಿದೆ ಎಂದು ನಿಧಿಗೆ ಹೇಳಿದರು. ನೀನು ಕಂಡದ್ದೇನು ಎಂದು ಕೇಳಿ ಅವಳನ್ನು ಮುಂದೆ ಕರೆದರು. ಅವಳು ಎರಡು ಕೈಗಳನ್ನೂ ಚಾಚಿ, ತಾಯಿ ನೆರಳು ಹಿಡಿದ ಬಗೆಯನ್ನು ತೋರಿಸಿದಳು. ಯಾರೂ ನಗಲಿಲ್ಲ.

ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು, ಅಷ್ಟು ಸಾವಿರ ಹಕ್ಕಿಗಳ ನಡುವೆ ತಾಯಿಗೆ ತನ್ನ ಮರಿ ಯಾವುದೆಂದು ಹೇಗೆ ತಿಳಿಯುತ್ತದೆ ಎಂದು ನನ್ನನ್ನೇ ಕೇಳಿದಳು. ಉತ್ತರವೊಂದು ತಾನಾಗಿಯೇ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಗೊತ್ತಿಲ್ಲಮ್ಮ ಎಂದೆ. ಅಂದುಕೊಂಡಷ್ಟು ಕಷ್ಟವಾಗಲಿಲ್ಲ.