ಉಸ್ತಾ ಬಯೂಮಿ ಮರೆತ ಚುಕ್ಕೆ

ಅರಬ್ಬಿ ನಾಡಿನ ಟಾಂಟಾ ಪಟ್ಟಣದ ಕಟುಕರ ಬೀದಿಯಲ್ಲಿ ಇನ್ನೂ ಷಟರ್‌ಗಳು ಎದ್ದಿಲ್ಲ. ಬೋರ್ಡು ಬರೆಯುವ ಉಸ್ತಾ, ಅಂದರೆ ಮೇಸ್ತ್ರಿ, ಬಯೂಮಿ ಆಗಲೇ ಏಣಿ ಹತ್ತಿದ್ದಾರೆ. ಬಾಯಲ್ಲೊಂದು ಕುಂಚ, ಕೈಯಲ್ಲೊಂದು ಕುಂಚ, ಎದುರಿಗೆ ಹಾಜಿ ಶಲಬಿಯ ಮಾಂಸದಂಗಡಿಯ ಬೋರ್ಡು. ಅದರ ಮೇಲೆ ಕೆಂಪು ಅಕ್ಷರಗಳು ಒಂದೊಂದಾಗಿ ಊದಿಕೊಳ್ಳುತ್ತಿವೆ. ಮೊನೆಯಿಲ್ಲ, ಬಾಲವಿಲ್ಲ, ಬಳುಕಿಲ್ಲ. ಎಲ್ಲವೂ ಒಂದೇ ದಪ್ಪ, ಹೊಟ್ಟೆ ತುಂಬ ಉಂಡು ಗೋಡೆಗೊರಗಿದ ಅಣ್ಣತಮ್ಮಂದಿರ ಹಾಗೆ.

ಅರವತ್ತೆರಡರ ಬಯೂಮಿಯನ್ನು ಊರಲ್ಲಿ ಗುರುತಿಸುವವರು ಕಡಿಮೆ. ಅವರ ಅಕ್ಷರಗಳನ್ನು ಗುರುತಿಸದವರಿಲ್ಲ. ಹದಿನೇಳರಲ್ಲಿ ಸುಂದರ ಲಿಪಿ ಕಲಿಯಲು ಹೋದವರನ್ನು ಗುರುಗಳು ಮೂರೇ ತಿಂಗಳಿಗೆ ಹೊರಗೆ ಹಾಕಿದರು. ಅದನ್ನು ಅವರೇ ಹೇಳುತ್ತಾರೆ: "'ಇದು ಅಕ್ಷರ ಅಲ್ಲ ಕಣೋ, ಬೇಯಿಸಿದ ಬದನೆಕಾಯಿ' ಅಂದ್ರು. ಸೀದಾ ಬದನೆಕಾಯಿ ಮಾರೋನ ಹತ್ರಾನೇ ಹೋದೆ. ನನ್ನ ಮೊದಲ್ನೇ ಬೋರ್ಡು ಅವನದೇ."

ಆಗ ವಾರಕ್ಕೆ ಐದು ಬೋರ್ಡು. ಈಗ ತಿಂಗಳಿಗೆ ಎರಡಾದರೆ ಹೆಚ್ಚು, ಉಳಿದದ್ದೆಲ್ಲ ಫ್ಲೆಕ್ಸ್. ಈ ಬೀದಿಯಲ್ಲಿ ಕೈಯಲ್ಲಿ ಬರೆದದ್ದು ಇದೊಂದೇ. ಬಕ್ರೀದಿಗೆ ಮೂರು ದಿನವಿದೆ, ಹಾಜಿ ಫ್ಲೆಕ್ಸ್‌ನವನಿಗೂ ಹೇಳಿಟ್ಟಿದ್ದಾರೆ. "ಮಧ್ಯಾಹ್ನದೊಳಗೆ ಮನಸ್ಸಿಗೆ ಹಿಡಿಸ್ಲಿಲ್ವೋ, ನಿನ್ನ ಬೋರ್ಡು ಇಳಿಸ್ತೀನಿ ಉಸ್ತಾ."

ಕೊನೆಯ ಕೆಲಸ ಚುಕ್ಕೆಯದು. ಬಯೂಮಿಯ ಚುಕ್ಕೆ ಕಿತ್ತಳೆಹಣ್ಣಿನ ಗಾತ್ರ. ಕೆಳಗಿನ ಅಕ್ಷರ ಒಣಗದೆ ಇಡುವಂತಿಲ್ಲ. ಒಣಗಲಿ ಎಂದು ಇಳಿಯುತ್ತಾರೆ, ರೊಟ್ಟಿ ತಿನ್ನುತ್ತಾರೆ, ಚಹಾದವನ ಜೊತೆ ಫುಟ್‌ಬಾಲಿನ ಬಗ್ಗೆ ಜಗಳಕ್ಕೆ ಬೀಳುತ್ತಾರೆ, ಚುಕ್ಕೆಯನ್ನು ಮರೆಯುತ್ತಾರೆ.

ಅರಬ್ಬಿಯಲ್ಲಿ 'ಖರೂಫ್' ಎಂದರೆ ಕುರಿ. ಮೊದಲಕ್ಷರದ ನೆತ್ತಿಯ ಚುಕ್ಕೆ ಹೋದರೆ ಅದು 'ಹುರೂಫ್', ಅಂದರೆ ಅಕ್ಷರಗಳು. ಷಟರ್ ಏಳುವ ಹೊತ್ತಿಗೆ ಬೋರ್ಡು ಸಾರುತ್ತಿದೆ: 'ಇಲ್ಲಿ ಇಂದೇ ಕೊಯ್ದ ತಾಜಾ ಅಕ್ಷರಗಳು ಸಿಗುತ್ತವೆ.'

"ಹಾಜಿ, ಅರ್ಧ ಕಿಲೋ ಅಕ್ಷರ ಕೊಡಿ, ಮೂಳೆ ಬೇಡ," ಎನ್ನುತ್ತಾರೆ ಎದುರುಮನೆಯ ಫೌಕಿಯಾ. "ನಮ್ಮ ಯಜಮಾನ್ರಿಗೆ ಇದರದೇ ಸಾರು ಮಾಡಿ ಹಾಕ್ತೀನಿ. ಆಗ್ಲಾದ್ರೂ ಓದೋದು ಕಲೀಲಿ."

ಹಾಜಿ ಹೊರಗೋಡಿ ಬಂದು ಕತ್ತೆತ್ತುತ್ತಾರೆ. "ಉಸ್ತಾ! ನನ್ನ ಕುರಿ ಎಲ್ಲಯ್ಯಾ?"

"ಅಲ್ಲೇ ಇದೆ ಹಾಜಿ. ಕೊಂಬೊಂದು ಬಾಕಿ."

ಹತ್ತು ಗಂಟೆಗೆ ಬೀದಿಯ ಅರ್ಧ ಜನ ಅಲ್ಲಿದ್ದಾರೆ. ನಗಲು ಬಂದವರು ಮಾಂಸ ಕಟ್ಟಿಸಿಕೊಂಡು ಹೋಗುತ್ತಿದ್ದಾರೆ. ಹಾಜಿಯ ದನಿ ಮೆತ್ತಗಾಗುತ್ತದೆ. "ಹಬ್ಬ ಮುಗಿಯೋವರೆಗೂ ಹೀಗೇ ಬಿಟ್ಬಿಡು ಉಸ್ತಾ. ಫ್ಲೆಕ್ಸ್‌ನೋನಿಗೆ ಬರಬೇಡ ಅಂತೀನಿ."

ಬಯೂಮಿ ಏಣಿಯನ್ನು ಗೋಡೆಗಾನಿಸುತ್ತಾರೆ. "ನಲವತ್ತೈದು ವರ್ಷದಿಂದ ಜನ ನನ್ನ ಅಕ್ಷರ ನೋಡಿ ನಕ್ಕಿದಾರೆ, ಅದು ಖುಷಿ. ತಪ್ಪು ನೋಡಿ ನಕ್ಕಿದ್ದು ಇವತ್ತೇ. ಬೋರ್ಡು ಇಳಿಸೋದಾದ್ರೆ ಇಳಿಸಿ, ಚುಕ್ಕೆ ಇಟ್ಟ ಮೇಲೆ."

ಇಡುತ್ತಾರೆ. ಈ ಸಲ ಕಿತ್ತಳೆಯಲ್ಲ, ದಾಳಿಂಬೆ. ಗುಂಪು ಚಪ್ಪಾಳೆ ತಟ್ಟುತ್ತದೆ. ಹಾಜಿ ಫ್ಲೆಕ್ಸ್‌ನವನಿಗೆ ಹಚ್ಚಿದ ಫೋನನ್ನು ಕಿವಿಗಿಟ್ಟುಕೊಂಡೇ ಮೇಲೆ ನೋಡುತ್ತಾರೆ.

"ಇಷ್ಟು ದಪ್ಪ ಚುಕ್ಕೆ ಫ್ಲೆಕ್ಸ್‌ನೋನಿಗೂ ಬರುತ್ತಾ ಉಸ್ತಾ?"

"ಬರುತ್ತೆ ಹಾಜಿ. ಮರೆಯೋಕೆ ಬರಲ್ಲ."

ಹಾಜಿ ಫೋನಿನಲ್ಲಿ ಹೇಳುತ್ತಾರೆ: "ನೀನು ಬರಬೇಡಪ್ಪ."